ಆಟದ ಹೊತ್ತಲ್ಲಿ ರಾಜಕೀಯ ಬೇಡ

ಗೆಳೆಯರೇ, ಒಂದು ವಿನಂತಿ. ಬೇಸ್‌ಬಾಲ್ ಆಟ ನಡೆಯುವಾಗ ನ್ಯೂಸ್ ಚಾನೆಲ್ ಚರ್ಚೆಯ ತುಣುಕುಗಳನ್ನು ಇಲ್ಲಿ ಹಾಕಬೇಡಿ, ಯಾವ ಪಕ್ಷದ ಪರವಾದರೂ ಸರಿ. ಯಾರು ಮುಂದೆ, ಯಾರು ಹಿಂದೆ ಅನ್ನೋದೇ ದಿನವಿಡೀ ಸುದ್ದಿ. ಮಸೂದೆಯಲ್ಲಿ ಏನಿದೆ ಅಂತ ಬಿಡಿಸಿ ಹೇಳೋರು ಕಡಿಮೆ. ಇದು ನನ್ನ ಅನಿಸಿಕೆ. ಒಪ್ಪದವರು ನನಗೇ ಬರೆಯಿರಿ.

ಆಟದ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಜಗಳ ಆಡೋಣ. 2023ರಲ್ಲಿ ಅಮೆರಿಕದ ಮೇಜರ್ ಲೀಗ್‌ನಲ್ಲಿ ಪಿಚ್ ಕ್ಲಾಕ್ ಬಂತು, ಅಂದರೆ ಚೆಂಡು ಎಸೆಯೋಕೆ ಸಮಯದ ಮಿತಿ. ಬೇಸ್‌ಗಳು (ರನ್ನರ್ ಓಡಿ ಮುಟ್ಟುವ ಠಾಣೆಗಳು) ಖಾಲಿ ಇದ್ದರೆ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, 15 ಸೆಕೆಂಡು, ಮೀರಿದರೆ ಬ್ಯಾಟರ್‌ಗೆ ಒಂದು ‘ಬಾಲ್’ (ತಪ್ಪು ಎಸೆತದ ಲೆಕ್ಕ) ಲಾಭ. ಆ ವರ್ಷ ಆಟ ಸರಾಸರಿ 24 ನಿಮಿಷ ಬೇಗ ಮುಗಿಯಿತು. ಬ್ಯಾಟರ್ ಸುಮ್ನೆ ಗ್ಲೌಸ್ ಪಟ್ಟಿ ಬಿಚ್ಚಿ ಕಟ್ಟುತ್ತಾ ನಿಲ್ಲೋದೂ ತಪ್ಪಿತು. ಆದರೆ ಆಟ ಸಮ ಆದಾಗ ಆಡುವ ಹೆಚ್ಚುವರಿ ಇನಿಂಗ್ಸ್‌ನಲ್ಲಿ ಎರಡನೇ ಬೇಸ್‌ಗೆ ಪುಕ್ಕಟೆ ರನ್ನರ್? ಸುತರಾಂ ಒಪ್ಪಲ್ಲ. ಹೊಡೆದು ಸಂಪಾದಿಸಬೇಕು ಅಲ್ವಾ? ಪ್ಲೇಆಫ್‌ನಲ್ಲಿ ಆ ನಿಯಮ ಇಲ್ಲ, ಪುಣ್ಯ.