ಮಗಳಿಗೊಂದು ಪತ್ರ: ಸೋಮವಾರದ ಓದು

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಮೆರಿಕದಲ್ಲಿ ಕಪ್ಪು ಜನರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿನ ಸೋಮವಾರ ನಿನ್ನ ಗೆಳತಿಯರು ಬಡವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿನಲ್ಲಿ ದುಡಿಯಲು ಹೋಗುತ್ತಿರುವಾಗ, ನಿನ್ನ ಪಾಲಿಗೆ ಗ್ರಂಥಾಲಯದಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಓದುವ ಕೆಲಸ ಬಂದಿದೆಯೆಂದೂ, ಇದೂ ಒಂದು ಸೇವೆಯೇ ಎಂಬ ಅನುಮಾನ ಕಾಡುತ್ತಿದೆಯೆಂದೂ ಬರೆದಿದ್ದೀಯೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಸುವ ವಿಷಯ ಇದಲ್ಲ.

ಕಿಂಗ್ ಅವರ ಜನ್ಮದಿನದ ನೆನಪಿಗೆ ರಾಷ್ಟ್ರೀಯ ರಜೆ ಕೊಡುವ ಕಾನೂನಿಗೆ 1983ರಲ್ಲಿ ಸಹಿ ಬಿದ್ದು, 1986ರಿಂದ ಜನವರಿಯ ಮೂರನೆಯ ಸೋಮವಾರ ಅದರ ಆಚರಣೆ ನಡೆದುಬಂದಿದೆ. ಆ ರಜೆಯನ್ನು ಸೇವೆಯ ದಿನವನ್ನಾಗಿ ಮಾಡಿದ್ದು 1994ರ ಕಾನೂನು. ಅದನ್ನು ಮುಂದಿಟ್ಟ ಇಬ್ಬರು ಸೆನೆಟರ್ ಹ್ಯಾರಿಸ್ ವಾಫರ್ಡ್ ಮತ್ತು ಸಂಸದ ಜಾನ್ ಲೂಯಿಸ್. ಈ ಲೂಯಿಸ್ ಅವರ ಬಾಲ್ಯವನ್ನು ನೀನು ತಿಳಿದಿರಬೇಕು.

ಅಲಬಾಮ ರಾಜ್ಯದ ಟ್ರಾಯ್ ಊರಿನ ಬಳಿ, ಕೋರು ಬೇಸಾಯ ಮಾಡುತ್ತಿದ್ದ ಕಪ್ಪು ಕುಟುಂಬದಲ್ಲಿ ಹುಟ್ಟಿದ ಅವರು 1956ರಲ್ಲಿ, ಸುಮಾರು ಹದಿನಾರರ ವಯಸ್ಸಿನಲ್ಲಿ, ಒಡಹುಟ್ಟಿದವರ ಜೊತೆ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯತ್ವದ ಕಾರ್ಡು ಕೇಳಿದರು. ಗ್ರಂಥಾಲಯವಿರುವುದು ಬಿಳಿಯರಿಗೆ ಮಾತ್ರ ಎಂದು ಹೇಳಿ ಅವರನ್ನು ವಾಪಸು ಕಳಿಸಲಾಯಿತು. ಹೆಸರು ಸಾರ್ವಜನಿಕ, ಬಾಗಿಲು ಮಾತ್ರ ಕೆಲವರಿಗೆ! ಮುಂದೆ ಅವರು ಕಿಂಗ್ ಅವರ ಒಡನಾಡಿಯಾದರು, 1965ರಲ್ಲಿ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಅಲಬಾಮದ ಸೆಲ್ಮಾ ಊರಿನ ಸೇತುವೆಯ ಮೇಲೆ ಪೊಲೀಸರ ಲಾಠಿಯಿಂದ ತಲೆಬುರುಡೆ ಬಿರಿಯುವಷ್ಟು ಪೆಟ್ಟು ತಿಂದರು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಅದೇ ಗ್ರಂಥಾಲಯ ಅವರ ಕೈಗೆ ಕಾರ್ಡು ಕೊಟ್ಟದ್ದು 1998ರಲ್ಲಿ, ಅವರು ತಮ್ಮದೇ ಪುಸ್ತಕಕ್ಕೆ ಸಹಿ ಹಾಕಲು ಅಲ್ಲಿಗೆ ಹೋದಾಗ. 2016ರಲ್ಲಿ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಸ್ವೀಕರಿಸುತ್ತ ಅವರು ಈ ಪ್ರಸಂಗವನ್ನೂ, ಓದು ಮಗು ಓದು ಎಂದು ಹುರಿದುಂಬಿಸಿದ ತಮ್ಮ ಶಾಲೆಯ ಶಿಕ್ಷಕಿಯನ್ನೂ ನೆನೆದು ಗದ್ಗದಿತರಾದರು.

ಹಸಿದವರಿಗೆ ಅನ್ನ ಕೊಡುವುದು ದೊಡ್ಡ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಂಗ್ ಅವರ ಕಾಲದ ಆ ಸಮಾನ ಹಕ್ಕುಗಳ ಚಳವಳಿಯ ಜನ ಊಟದ ಮೇಜಿಗಾಗಿ, ಬಸ್ಸಿನ ಸೀಟಿಗಾಗಿ, ಮತಪೆಟ್ಟಿಗೆಗಾಗಿ ಹೋರಾಡಿದಂತೆಯೇ ಗ್ರಂಥಾಲಯದ ಬಾಗಿಲಿಗಾಗಿಯೂ ಹೋರಾಡಿದರು. 1961ರಲ್ಲಿ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್‌ನಲ್ಲಿ ಬಿಳಿಯರ ಗ್ರಂಥಾಲಯದೊಳಗೆ ಕುಳಿತು ಓದಿದ ತಪ್ಪಿಗೆ ಟೂಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು ಬಂಧನಕ್ಕೊಳಗಾದರು. ನಿನ್ನ ವಯಸ್ಸಿನವರು ಅವರು. ಹೀಗಿರುವಾಗ ನಿನಗೆ ಬಂದ ಕೆಲಸವನ್ನು ಸಣ್ಣದೆಂದು ನಾನು ಹೇಗೆ ಒಪ್ಪಲಿ?

ಓದುವಾಗ ಅವಸರ ಮಾಡಬೇಡ. ಪುಸ್ತಕವನ್ನು ಮಕ್ಕಳ ಕಡೆಗೆ ತಿರುಗಿಸಿ ಹಿಡಿದುಕೋ, ಚಿತ್ರ ನೋಡಿ ಮುಗಿಯುವವರೆಗೆ ಹಾಳೆ ಮಗುಚಬೇಡ, ಹಿಂದೆ ಕುಳಿತ ಮಗುವನ್ನೂ ಹತ್ತಿರ ಕರೆ. ಇನ್ನೊಂದು ಮಾತು: ಸದಸ್ಯತ್ವದ ಅರ್ಜಿಗಳನ್ನು ಅಂದು ಮೇಜಿನ ಮೇಲೆ ಇಡಲು ಸಾಧ್ಯವೇ ಎಂದು ಗ್ರಂಥಪಾಲಕರನ್ನು ಈಗಲೇ ವಿಚಾರಿಸು, ತಂದೆತಾಯಿಯರು ಮಕ್ಕಳ ಜೊತೆಗೇ ಬಂದಿರುತ್ತಾರಾದ್ದರಿಂದ ಕಾರ್ಡಿಲ್ಲದ ಮಕ್ಕಳ ಅರ್ಜಿಗೆ ಅಲ್ಲಿಯೇ ಸಹಿ ಹಾಕಿಸಬಹುದು. ಯಾವ ಪುಸ್ತಕ ಆರಿಸಿಕೊಂಡೆ ಎಂದು ತಿಳಿಸು, ಅಮ್ಮನೂ ಕೇಳುತ್ತಿದ್ದಾಳೆ.

ಇಂತಿ ನಿನ್ನ ಪ್ರೀತಿಯ,
ಅಪ್ಪ