ಫ್ಯಾಮಿಲಿ ಡಾಕ್ಟರ್ ಆದ ಮಗಳಿಗೆ

ಪುಟ್ಟಿ,

ನೀನು ಫ್ಯಾಮಿಲಿ ಮೆಡಿಸಿನ್, ಅಂದರೆ ಮನೆಮಂದಿಯನ್ನೆಲ್ಲ ಎಲ್ಲ ಕಾಯಿಲೆಗೂ ನೋಡೋ ವಿಭಾಗ, ತಗೊಂಡಾಗ ನೆಂಟರೆಲ್ಲ ಕೇಳಿದ್ದು ಒಂದೇ ಮಾತು, "ಯಾಕೆ, ರೇಡಿಯಾಲಜಿ ಸಿಗಲಿಲ್ವಾ?" ಬೇಕು ಅಂತಲೇ ತಗೊಂಡಳು ಅಂದರೆ ಯಾರೂ ನಂಬಲಿಲ್ಲ. ಎಂಬಿಬಿಎಸ್, ಒಂದು ವರ್ಷ ಕಡ್ಡಾಯ ಗ್ರಾಮೀಣ ಸೇವೆ, ಮತ್ತೆ ಮೂರು ವರ್ಷ ಡಿಎನ್‌ಬಿ ಅನ್ನೋ ಸ್ನಾತಕೋತ್ತರ ಓದು, ಇಷ್ಟೆಲ್ಲ ಮಾಡಿ ಜ್ವರ ನೆಗಡಿ ನೋಡೋದಾ ಅಂತ ನಿನ್ನ ಸೋದರಮಾವನೇ ಕೇಳಿದ. ನಿನ್ನ ಮನಸ್ಸು ತಿರುಗಿದ್ದು ಗ್ರಾಮೀಣ ಸೇವೆ ಮಾಡಿದ ಆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನನಗೆ ಗೊತ್ತು. ಫೋನಿನಲ್ಲಿ ಕಾಯಿಲೆ ಬಗ್ಗೆ ಕಮ್ಮಿ, ಜನರ ಬಗ್ಗೆ ಜಾಸ್ತಿ ಹೇಳುತ್ತಿದ್ದೆ. ಬಿಪಿ ಮಾತ್ರೆ ಯಾಕೆ ಬಿಟ್ಟಿರಿ ಅಂತ ಬೈಯೋಕೆ ಮುಂಚೆ, ಇಲ್ಲಿಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತಾ ಅಂತ ಕೇಳಬೇಕಮ್ಮ ಅಂದಿದ್ದೆ.

ದೀಪಾವಳಿಗೆ ಬಂದಾಗ ಪಕ್ಕದ ಮನೆ ಅಜ್ಜಿ ಕವರ್ ತುಂಬ ಮಾತ್ರೆ ತಂದು ಜಗಲಿ ಮೇಲೆ ಸುರಿದರಲ್ವಾ. ನೀನು ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಇಬ್ಬರು ಡಾಕ್ಟರು ಬರೆದ ಎರಡು ಮಾತ್ರೆ, ಕಂಪನಿ ಬೇರೆ, ಹೆಸರು ಬೇರೆ, ಒಳಗಿದ್ದದ್ದು ಎರಡರಲ್ಲೂ ಒಂದೇ ಸಕ್ಕರೆ ಕಾಯಿಲೆ ಔಷಧಿ, ಮೆಟ್‌ಫಾರ್ಮಿನ್. ಪಾಪ, ಎರಡನ್ನೂ ನುಂಗಿ ಹೊಟ್ಟೆ ಕೆಟ್ಟು, ಅದಕ್ಕೆ ಮೂರನೆಯವರ ಹತ್ರ ಬೇರೆ ಹೋಗಿದ್ದರು. ನೀನು ಅವರ ಶುಗರ್ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ಬೆಳಿಗ್ಗೆ ಯಾವುದು ರಾತ್ರಿ ಯಾವುದು ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಕಣ್ಣಿಗೊಬ್ಬರು, ಸಕ್ಕರೆಗೊಬ್ಬರು, ಮಂಡಿಗೊಬ್ಬರು ಇದ್ದಾರೆ. ಇಡೀ ಅಜ್ಜಿಯನ್ನು ನೋಡೋರು ಯಾರು ಹೇಳು?

ತಾತ ಐಸಿಯುನಲ್ಲಿದ್ದಾಗ ನೀನಿನ್ನೂ ಓದುತ್ತಿದ್ದೆ. ಚಿಕಿತ್ಸೆಯ ವಿವರ ಬರೆದ ಕೇಸ್ ಶೀಟ್ ಕೇಳಿದರೆ, ಕೊಡೋ ಪದ್ಧತಿ ಇಲ್ಲ ಅಂದರು. ನೀನು ದನಿ ಏರಿಸಲಿಲ್ಲ. 2002ರ ವೈದ್ಯರ ನಡವಳಿಕೆ ನಿಯಮದ ಪ್ರಕಾರ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಅರ್ಜಿ ಬರೆದು, ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡೆ. ಕೊಟ್ಟರು. ಅಲ್ಲೇ ಕೂತಿದ್ದ ಇನ್ನೊಂದು ಮನೆಯವರು "ನಮಗೂ ಹಂಗೇ ಬರೆದುಕೊಡಮ್ಮ" ಅಂದರು ನೋಡು, ನಿನ್ನ ಈ ಇನ್ನೊಂದು ಕೆಲಸ ಶುರುವಾಗಿದ್ದು ಅವತ್ತೇ.

ನಮ್ಮ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ ಬಿಲ್ ಬಾಕಿ ಅಂತ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ ಅನ್ನೋದು ನನಗೂ ನೀನು ಹೇಳಿದ ಮೇಲೇ ಗೊತ್ತಾಗಿದ್ದು. ಬಿಲ್ ಕೌಂಟರ್ ಮುಂದೆ ಅಳುತ್ತಾ ನಿಂತವರಿಗೆ ಅದನ್ನು ಯಾರು ಹೇಳಬೇಕು? ನೀನು ಸ್ವಸಹಾಯ ಸಂಘದ ಹೆಂಗಸರನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿಕೊಡೋದು ಕೆಲವು ಡಾಕ್ಟರಿಗೆ ಹಿಡಿಸೋದಿಲ್ಲ, ನಮ್ಮವಳೇ ನಮಗೆ ತಿರುಗಿಬಿದ್ದಳು ಅಂತಾರಂತೆ. ಬೇಜಾರು ಮಾಡ್ಕೋಬೇಡ, ನಿಲ್ಲಿಸಲೂ ಬೇಡ. ಏನಾಗ್ತಿದೆ ಅಂತ ಮೊದಲೇ ಬಿಡಿಸಿ ಹೇಳಿದ ಕಡೆ ಆಸ್ಪತ್ರೆ ಬಾಗಿಲಲ್ಲಿ ಗಲಾಟೆ ಕಮ್ಮಿ ಅನ್ನೋದು ನನ್ನ ನಂಬಿಕೆ.

ಇನ್ನೊಂದು ವಿಷಯ. ಗುಣವಾಗೋ ದಾರಿಯೇ ಇಲ್ಲದಾಗ ಸುಮ್ನೆ ಯಂತ್ರದ ಮೇಲೆ ಇಡಬೇಡಿ ಅಂತ ಮೊದಲೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, 2025ರ ಜನವರಿಯಲ್ಲಿ ನಮ್ಮ ಸರ್ಕಾರದ ಸುತ್ತೋಲೆಯೂ ಬಂತು ಅಂದಿದ್ದೆಯಲ್ಲ. ಅಪ್ಪನೂ ನಾನೂ ಕೂತು ಮಾತಾಡಿದೆವು. ಇಬ್ಬರೂ ಬರೆಸುತ್ತೇವೆ. ನಮಗೆ ಮಾತಾಡೋಕೆ ಆಗದಿದ್ದಾಗ ನಮ್ಮ ಪರವಾಗಿ ಹೇಳೋರು ಅನ್ನೋ ಜಾಗದಲ್ಲಿ ನಿನ್ನ ಹೆಸರು. ಇಬ್ಬರು ಸಾಕ್ಷಿ ಬೇಕಂತೆ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿಯೂ ಬೇಕಂತೆ. ಯಾವ ಭಾನುವಾರ ಬರ್ತೀಯ ಹೇಳು, ಸೋಮವಾರಕ್ಕೆ ನೋಟರಿ ಹತ್ರ ಟೈಮ್ ಕೇಳಿಡುತ್ತೇನೆ.

ನಿನ್ನ
ಅಮ್ಮ