ಪತ್ತೆಯಾಗಿಲ್ಲವೋ, ಪತ್ತೆ ಹಚ್ಚಿಲ್ಲವೋ?

ಮಾನ್ಯರೇ,

ಕಳೆದ ತಿಂಗಳು ನಮ್ಮ ಬಡಾವಣೆಯಲ್ಲಿ ನಡೆದ ಬಾಯಿ ಕ್ಯಾನ್ಸರ್ ತಪಾಸಣಾ ಶಿಬಿರದಲ್ಲಿ ಒಬ್ಬರಲ್ಲಿಯೂ ರೋಗ ಪತ್ತೆಯಾಗಿಲ್ಲವೆಂದು ಅಧಿಕಾರಿಗಳು ಬೆನ್ನು ತಟ್ಟಿಕೊಂಡ ವರದಿ ನಿನ್ನೆಯ ಪತ್ರಿಕೆಯಲ್ಲಿದೆ. ಅದೇ ಶಿಬಿರದಲ್ಲಿ ನೋವಿನ ಮಾತ್ರೆ ಕೊಟ್ಟು ಸಾಗಹಾಕಿದ ನನ್ನ ತಂಗಿಯ ಬಯಾಪ್ಸಿ ವರದಿಯೂ ಈಗ ಬಂದಿದ್ದು, ಕೆಳದವಡೆಯಲ್ಲಿ ಅಮೆಲೋಬ್ಲಾಸ್ಟಿಕ್ ಕಾರ್ಸಿನೋಮ ಎಂಬ ಕ್ಯಾನ್ಸರ್ ಇರುವುದು ಖಚಿತವಾಗಿದೆ.

ಟಾರ್ಚ್ ಹಿಡಿದು ನೋಡಿದವರಿಗೆ ಹುಣ್ಣಾಗಲಿ ಬಿಳಿ ಮಚ್ಚೆಯಾಗಲಿ ಕಾಣಲಿಲ್ಲವೆಂಬುದು ನಿಜ. ಹಲ್ಲನ್ನು ರೂಪಿಸುವ ಅಂಗಾಂಶದಿಂದ ಹುಟ್ಟುವ ಈ ಅಪರೂಪದ ಗಡ್ಡೆ ದವಡೆಯ ಮೂಳೆಯೊಳಗೇ ಬೆಳೆಯುತ್ತದೆ. ಆದರೆ ಆಕೆಯ ಕೆನ್ನೆ ಒಂದೇ ಮಗ್ಗುಲಲ್ಲಿ ಊದಿತ್ತು, ಹುಳುಕಿಲ್ಲದ ದವಡೆಹಲ್ಲುಗಳು ಅಲುಗಾಡುತ್ತಿದ್ದವು, ಕೆಳತುಟಿ ಜೋಮು ಹಿಡಿದು ಚಹಾ ಗದ್ದಕ್ಕೆ ಇಳಿದರೂ ತಿಳಿಯುತ್ತಿರಲಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಇಡೀ ದವಡೆಯನ್ನು ತೋರಿಸುವ ಒಂದು ಓಪಿಜಿ ಎಕ್ಸ್‌ರೇ ಬರೆದುಕೊಡಲು ಇವರ ಕೈ ಸವೆಯುತ್ತಿತ್ತೇ? ಗುಟ್ಕಾ ತಿನ್ನದವರಿಗೆ ಭಯವೇಕೆ ಎಂಬ ಉಪದೇಶ ಬೇರೆ! ಈ ಜಾತಿಯ ಗಡ್ಡೆಗೆ ತಂಬಾಕೇ ಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2017ರ ಗಡ್ಡೆಗಳ ವರ್ಗೀಕರಣದಲ್ಲಿ ಇದಕ್ಕೊಂದು ಸ್ಥಾನವಿದೆ. ನಮ್ಮ ಶಿಬಿರದ ನಮೂನೆಯಲ್ಲಿ ಮಾತ್ರ ಗುಟ್ಕಾದ ಕಾಲಮಿನಾಚೆಗೆ ರೋಗವೇ ಇಲ್ಲ.

ಸರ್ಕಾರಿ ಯೋಜನೆಯಡಿ ಶಸ್ತ್ರಚಿಕಿತ್ಸೆ ಮಾಡಿಸಲು ರೆಫರಲ್ ಪತ್ರ ಕೇಳಿದರೆ, ಶಿಬಿರದ ಶಂಕಿತರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಮೊನ್ನೆ ಕೌಂಟರಿನಿಂದಲೇ ತಿರುಗಿಸಿ ಕಳುಹಿಸಿದರು. ಪಟ್ಟಿ ಬರೆದವರೂ ಇವರೇ, ಹೆಸರು ಬಿಟ್ಟವರೂ ಇವರೇ. ಗಡ್ಡೆಯನ್ನು ಸುತ್ತಲಿನ ಚೊಕ್ಕ ಮೂಳೆಯ ಅಂಚಿನೊಂದಿಗೆ ಕತ್ತರಿಸಿ ತೆಗೆದು, ಅಗತ್ಯ ಬಿದ್ದರೆ ಕಾಲಿನ ಮೂಳೆಯಿಂದ ದವಡೆಯನ್ನು ಮರಳಿ ಕಟ್ಟಬೇಕೆಂದೂ, ಬಿಟ್ಟರೆ ಶ್ವಾಸಕೋಶಕ್ಕೆ ಹರಡಬಹುದೆಂದೂ ತಜ್ಞರು ಹೇಳಿದ್ದಾರೆ. ಇತ್ತ ಸಾಹೇಬರು ಸಭೆಯಲ್ಲಿದ್ದಾರಂತೆ, ಸಹಿಗೆ ಸೋಮವಾರ ಬರಬೇಕಂತೆ. ಬೆಂಗಳೂರಿನ ರೈಲಿಗೆ ಕಾಯ್ದಿರಿಸಿದ್ದ ಟಿಕೆಟ್ ರದ್ದಾಯಿತು, ನನ್ನ ರಜೆಯೂ ಮುಗಿಯಿತು. ಹಿಂದೊಮ್ಮೆ ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಎಕ್ಸ್‌ರೇ ಯಂತ್ರ ಇದೇ ಕಚೇರಿಯವರ ಕೃಪೆಯಿಂದ ಇಂದಿಗೂ ಪ್ಲಾಸ್ಟಿಕ್ ಹೊದ್ದು ನಿಂತಿದೆ. ಡೆಂಗಿ ಬಂದಾಗಲೂ ಇವರು ಫಾಗಿಂಗ್ ಮಾಡಿದ್ದಕ್ಕಿಂತ ಫೋಟೊ ತೆಗೆಸಿಕೊಂಡದ್ದೇ ಹೆಚ್ಚು.

ಆರೋಗ್ಯ ಇಲಾಖೆ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು, ಜಿಲ್ಲಾಡಳಿತವೂ ಇತ್ತ ಗಮನ ಹರಿಸಬೇಕು. ಅದು ಆಗದಿದ್ದರೆ ಮುಂದಿನ ಶಿಬಿರದ ಶಾಮಿಯಾನದ ಬಾಡಿಗೆಯನ್ನಾದರೂ ಉಳಿಸಿ ಇವರೆಲ್ಲ ಮನೆಯಲ್ಲಿ ಕುಳಿತಿರಲಿ.

– ನೊಂದ ಓದುಗ, ವಿಜಯಪುರ